ಸೊಂಟ ನೋವು ಹಣೆಬರಹ ಅಲ್ಲ



ನಮ್ಮೂರಲ್ಲಿ ಯಾವ ಮನೆ ಜಗಲಿ ಮೇಲೆ ಕೂತರೂ ಒಂದು ಮಾತು ಕೇಳುತ್ತದೆ. ಅದೇ "ಅಯ್ಯೋ ನನ್ನ ಸೊಂಟ!" ಎನ್ನುವ ಮಾತು. ಏಳುವಾಗ ಒಂದು ಸಲ, ಕೂರುವಾಗ ಒಂದು ಸಲ. ಯಾಕಜ್ಜಿ ಎಂದು ಕೇಳಿದರೆ "ವಯಸ್ಸಾಯ್ತಲ್ಲ ಮಗ, ಇದ್ದದ್ದೇ" ಅಂತಾರೆ. ಆದರೆ ಮೂವತ್ತು ವರ್ಷದ ಅಕ್ಕಂದಿರೂ ಹಾಗೇ ಹೇಳ್ತಾರೆ. ನಮ್ಮ ತರಗತಿಯಲ್ಲೇ ಚೀಲ ಇಳಿಸಿದ ಕೂಡಲೇ ಭುಜ ಹಿಸುಕಿಕೊಳ್ಳುವವರು ಇದ್ದಾರೆ. ಹಾಗಾದರೆ ಇದು ಬರೀ ವಯಸ್ಸಿನ ಕಾಯಿಲೆ ಅಲ್ಲ ಅಂತಾಯ್ತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಪ್ರಪಂಚದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟ ನೋವು ಇತ್ತು. ಜನರು ಕೆಲಸ ಮಾಡಲಾಗದೆ ಕೂರುವುದಕ್ಕೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ. ಆದ್ದರಿಂದ ಇದನ್ನು ನಾವು ತಿಳಿದುಕೊಳ್ಳಲೇಬೇಕು.

ಬೆನ್ನೆಲುಬು ಎಂದರೇನು?

ಬೆನ್ನೆಲುಬು ಕೋಲಿನ ಹಾಗೆ ಒಂದೇ ಮೂಳೆ ಅಲ್ಲ. ಮಣಿ ಪೋಣಿಸಿದ ಹಾಗೆ ಚಿಕ್ಕ ಚಿಕ್ಕ ಮೂಳೆಗಳು ಒಂದರ ಮೇಲೊಂದು ಕೂತಿವೆ. ಇವಕ್ಕೆ ಕಶೇರುಮಣಿಗಳು ಎನ್ನುತ್ತಾರೆ. ಮಕ್ಕಳಲ್ಲಿ ಒಟ್ಟು 33 ಇರುತ್ತವೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ 5, ತುದಿಯಲ್ಲಿ 4. ನಾವು ದೊಡ್ಡವರಾಗುತ್ತಾ ಕೆಳಗಿನ 5 ಸೇರಿ ಒಂದು ಮೂಳೆಯಾಗುತ್ತವೆ, ತುದಿಯ 4 ಸೇರಿ ಇನ್ನೊಂದಾಗುತ್ತವೆ. ಆಗ 7+12+5+1+1 = 26. ಇನ್ನೊಂದು ತಮಾಷೆ ಗೊತ್ತಾ? ಅಷ್ಟು ಉದ್ದ ಕತ್ತಿನ ಜಿರಾಫೆಗೂ ಕುತ್ತಿಗೆಯಲ್ಲಿ ಏಳೇ ಮಣಿ!

ಮಣಿ ಮಣಿಗಳ ನಡುವೆ ಮೆತ್ತೆ ಇದೆ. ಅದೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ತಾಟಿನುಂಗಿನ ತಿರುಳಿನಂಥ ಲೋಳೆ. ಇಂಥ ಮೆತ್ತೆಗಳು 23 ಇವೆ. ನಾವು ನೆಗೆದಾಗ, ಓಡಿದಾಗ ಮೂಳೆಗೆ ಮೂಳೆ ತಾಗದಂತೆ ಇವು ಕಾಪಾಡುತ್ತವೆ.

ನೀವೇ ಒಂದು ಪ್ರಯೋಗ ಮಾಡಿ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು ತಲೆ ಮಟ್ಟಕ್ಕೆ ಗೆರೆ ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮತ್ತೆ ಹಾಕಿಸಿ. ರಾತ್ರಿಯ ಗೆರೆ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಬರುತ್ತದೆ. ದಿನವೆಲ್ಲಾ ಭಾರ ಬಿದ್ದು ಮೆತ್ತೆಗಳಿಂದ ಸ್ವಲ್ಪ ನೀರು ಹೊರಗೆ ಹೋಗಿರುತ್ತದೆ. ಮಲಗಿದಾಗ ಅದು ಮತ್ತೆ ತುಂಬಿಕೊಳ್ಳುತ್ತದೆ. ದೊಡ್ಡವರ ಮೆತ್ತೆಯ ಒಳಭಾಗದಲ್ಲಿ ರಕ್ತನಾಳ ಇರುವುದಿಲ್ಲ. ಅದಕ್ಕೆ ಬೇಕಾದ ಆಹಾರ ಸುತ್ತಲಿಂದ ನಿಧಾನವಾಗಿ ಇಳಿದು ಬರಬೇಕು. ನಾವು ಓಡಾಡುತ್ತಾ, ಒತ್ತಿ ಬಿಟ್ಟು ಆಗುತ್ತಿದ್ದರೆ ಅದಕ್ಕೆ ಒಳ್ಳೆಯದು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತರೆ ಒಳ್ಳೆಯದಲ್ಲ.

ಕೀಲುಗಳೂ ಹಾಗೆಯೇ. ಮೊಣಕಾಲು ಬಾಗಿಲ ಬಿಜಾಗರಿಯ ಹಾಗೆ ಮಡಿಚುತ್ತದೆ. ಭುಜ ಬಟ್ಟಲಲ್ಲಿಟ್ಟ ಚೆಂಡಿನ ಹಾಗೆ ಸುತ್ತಲೂ ತಿರುಗುತ್ತದೆ. ಮೂಳೆಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿ ಇದೆ, ನಡುವೆ ಜಾರುವ ದ್ರವ ಇದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಇದು. ಗಾಡಿ ಓಡಿಸದೆ ಮೂಲೆಯಲ್ಲಿ ನಿಲ್ಲಿಸಿದರೆ ಚಕ್ರ ಹಿಡಿದುಕೊಳ್ಳುತ್ತದಲ್ಲ, ಕೀಲೂ ಅಷ್ಟೇ.

ಸನ್ನೆಯ ಲೆಕ್ಕ

ವಿಜ್ಞಾನದಲ್ಲಿ ಸನ್ನೆಯ ಪಾಠ ಮಾಡಿದ್ದಾರೆ. ಭಾರವು ಆಧಾರದಿಂದ ದೂರ ಹೋದಷ್ಟೂ ಬಲ ಹೆಚ್ಚು ಬೇಕು. ನಮ್ಮ ಬೆನ್ನೂ ಒಂದು ಸನ್ನೆ. ಬೆನ್ನೆಲುಬೇ ಆಧಾರ. ಅದನ್ನು ಹಿಂದಿನಿಂದ ಎಳೆದು ನಿಲ್ಲಿಸುವ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಇವೆ.

ಈಗ ಲೆಕ್ಕ ಮಾಡೋಣ. 10 ಲೀಟರ್ ನೀರು ಎಂದರೆ 10 ಕೆಜಿ. ಕೈ ಮುಂದೆ ಚಾಚಿ, ಬೆನ್ನೆಲುಬಿನಿಂದ 40 ಸೆಂಟಿಮೀಟರ್ ದೂರದಲ್ಲಿ ಕೊಡ ಎತ್ತಿದರೆ 10 × 40 = 400. ಇದನ್ನು 5ರಿಂದ ಭಾಗಿಸಿದರೆ 80. ಅಂದರೆ 10 ಕೆಜಿ ಎತ್ತಲು ಬೆನ್ನಿನ ಸ್ನಾಯು 80 ಕೆಜಿಯಷ್ಟು ಎಳೆಯಬೇಕು! ಅದೇ ಕೊಡವನ್ನು ಹೊಟ್ಟೆಯ ಹತ್ತಿರ ತಂದು 20 ಸೆಂಟಿಮೀಟರ್‌ನಲ್ಲಿ ಹಿಡಿದರೆ 40 ಕೆಜಿ ಸಾಕು. ಬಗ್ಗಿದಾಗ ನಮ್ಮ ತಲೆ, ಎದೆ, ಕೈಗಳ ಭಾರವೂ ಇದಕ್ಕೆ ಸೇರುತ್ತದೆ.

ಆದ್ದರಿಂದ ಮೊದಲನೇ ಪಾಠ ಇದು: ಭಾರವನ್ನು ಮೈಗೆ ಹತ್ತಿರ ತಂದು ಎತ್ತಬೇಕು. ಎತ್ತುವಾಗ ಸೊಂಟ ತಿರುಚಬಾರದು. ತಿರುಗಬೇಕಾದರೆ ಕಾಲು ತಿರುಗಿಸಿ ತಿರುಗಬೇಕು. ಒಂದು ದೊಡ್ಡ ಕೊಡದ ಬದಲು ಎರಡು ಚಿಕ್ಕ ಬಿಂದಿಗೆ ಎರಡು ಕೈಯಲ್ಲಿ ತಂದರೆ ಮೈ ಒಂದು ಕಡೆಗೆ ವಾಲುವುದಿಲ್ಲ.

ತಪ್ಪು ಬೆನ್ನಿನದಲ್ಲ, ಹಿಡಿಯದು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ತೋಟದ ಕೂಲಿಗಳು ಮೋಟು ಹಿಡಿಯ ಗುದ್ದಲಿಯಿಂದ ಕಳೆ ತೆಗೆಯುತ್ತಿದ್ದರು. ಹಿಡಿ ಮೊಳಕ್ಕಿಂತ ಅಷ್ಟೇನೂ ಉದ್ದ ಇರಲಿಲ್ಲ. ದಿನವೆಲ್ಲಾ ಬಗ್ಗಿ ಬಗ್ಗಿ ಎಷ್ಟೋ ಜನರ ಬೆನ್ನು ಹಾಳಾಯಿತು. ಮಾಲೀಕರು ಇದೇ ಗುದ್ದಲಿಯಿಂದ ಕೆಲಸ ಚೆನ್ನಾಗಿ ಆಗುತ್ತೆ ಎಂದು ಹಠ ಹಿಡಿದರು. ಕೂಲಿಗಳು ನ್ಯಾಯಾಲಯಕ್ಕೆ ಹೋದರು. ವೈದ್ಯರು ಅವರ ಪರವಾಗಿ ಸಾಕ್ಷಿ ಹೇಳಿದರು. ಕೊನೆಗೆ 1975ರಲ್ಲಿ ಆ ಗುದ್ದಲಿಯನ್ನು ನಿಷೇಧಿಸಿದರು. ಉದ್ದ ಹಿಡಿಯ ಗುದ್ದಲಿ ಬಂತು. ಬೆಳೆಯೇನೂ ನಿಂತು ಹೋಗಲಿಲ್ಲ.

ಇದು ನಮಗೂ ಸಂಬಂಧಪಟ್ಟ ಮಾತು. ನಾಟಿ ಕಾಲದಲ್ಲಿ ನಮ್ಮ ಅವ್ವಂದಿರು ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿಯೇ ಇರುತ್ತಾರೆ. ನೋವು ಅಂತ ಹೇಳಿದರೆ ನಾಳೆ ಕೂಲಿಗೆ ಕರೆಯೋದಿಲ್ಲ ಎಂದು ಸುಮ್ಮನಿರುತ್ತಾರೆ. ಮನೆಗೆ ಬಂದು ಮೋಟು ಪೊರಕೆಯಲ್ಲಿ ಮತ್ತೆ ಬಗ್ಗಿ ಕಸ ಗುಡಿಸುತ್ತಾರೆ. ಅವರ ಸೊಂಟ ಹಿಡಿದುಕೊಂಡರೆ ಒಲೆಯೂ ನಿಲ್ಲುತ್ತೆ, ಕೂಲಿಯೂ ನಿಲ್ಲುತ್ತೆ, ಅಕ್ಕ ತಂಗಿಯರ ಶಾಲೆಯೂ ನಿಲ್ಲುತ್ತೆ.

ಏನು ಮಾಡಬಹುದು? ಪೊರಕೆಗೆ ಉದ್ದನೆ ಕೋಲು ಕಟ್ಟಬಹುದು. ಸಾಲಿನಲ್ಲಿ ನಾಟಿ ಮಾಡಿದ ಗದ್ದೆಯಲ್ಲಿ ಕೋನೋ ವೀಡರ್ ತಳ್ಳಿ ನಿಂತುಕೊಂಡೇ ಕಳೆ ತೆಗೆಯಬಹುದು. ಪಾತ್ರೆ ತೊಳೆಯುವ ಜಾಗವನ್ನು ಕಲ್ಲು ಇಟ್ಟು ಎತ್ತರ ಮಾಡಬಹುದು. ನಾಟಿ ಮಾಡುವಾಗ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟಕ್ಕೆ ಎರಡು ಕೈ ಕೊಟ್ಟು ನಿಧಾನವಾಗಿ ಹಿಂದಕ್ಕೆ ಬಾಗಬೇಕು. ಇದಕ್ಕೆ ದುಡ್ಡು ಬೇಡ. ಮೊಣಕಾಲು ನೋವಿರುವ ಅಜ್ಜಿ ತಾತಂದಿರು ಕುಕ್ಕರಗಾಲಲ್ಲಿ ಕೂರುವ ಬದಲು ಎತ್ತರದ ಮಣೆ ಅಥವಾ ಸ್ಟೂಲ್ ಮೇಲೆ ಕೂತರೆ ಒಳ್ಳೆಯದು.

ಶಾಲೆಯಲ್ಲಿ ನಾವು

1. ಚೀಲವನ್ನು ಎರಡೂ ಭುಜಕ್ಕೆ ಹಾಕಬೇಕು. ಪಟ್ಟಿ ಬಿಗಿ ಮಾಡಿ ಬೆನ್ನಿಗೆ ಅಂಟಿಕೊಂಡಿರುವಂತೆ ನೋಡಿಕೊಳ್ಳಬೇಕು. ದಪ್ಪ ಪುಸ್ತಕ ಬೆನ್ನಿನ ಕಡೆಗೆ ಇರಲಿ.

2. 2019ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಚೀಲದ ತೂಕಕ್ಕೆ ಮಿತಿ ಹಾಕಿತು. 1-2ನೇ ತರಗತಿಗೆ 2 ಕೆಜಿ, 3-5ಕ್ಕೆ 3 ಕೆಜಿ, 6-8ಕ್ಕೆ 4 ಕೆಜಿ, 9-10ಕ್ಕೆ 5 ಕೆಜಿ ಮೀರಬಾರದು. ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯಲ್ಲಿ ಮಗುವಿನ ತೂಕದ ಹತ್ತನೇ ಒಂದು ಭಾಗ ಎಂದಿದೆ. 35 ಕೆಜಿ ಇರುವವನಿಗೆ ಮೂರೂವರೆ ಕೆಜಿ. ಆ ದಿನದ ವೇಳಾಪಟ್ಟಿ ನೋಡಿ ಪುಸ್ತಕ ತುಂಬಿದರೆ ಭಾರ ಕಡಿಮೆಯಾಗುತ್ತದೆ.

3. ಚಕ್ಕಳಮಕ್ಕಳ ಹಾಕಿ ಕೂತು, ಪುಸ್ತಕ ನೆಲದ ಮೇಲಿಟ್ಟು ಬಗ್ಗಿ ಬರೆದರೆ ಕತ್ತು ನೋಯುತ್ತದೆ. ಮಣೆಯನ್ನೋ ಚೀಲವನ್ನೋ ಕೆಳಗಿಟ್ಟು ಪುಸ್ತಕ ಎತ್ತರಕ್ಕೆ ತನ್ನಿ. ಮೊಬೈಲು ನೋಡುವಾಗಲೂ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ.

4. ಪಿರಿಯಡ್ ಮುಗಿದ ಕೂಡಲೇ ಎದ್ದು ನಿಂತು ಮೈ ಮುರಿಯಬೇಕು. ಗುರುಗಳು ದಯವಿಟ್ಟು ಇದಕ್ಕೆ ಒಂದು ನಿಮಿಷ ಅನುಮತಿ ಕೊಡಬೇಕು.

5. ಆಟದ ಪಿರಿಯಡ್ ತಪ್ಪಿಸಬೇಡಿ. ಕಬಡ್ಡಿ, ಖೊಖೊ, ಕುಂಟೆಬಿಲ್ಲೆ ಎಲ್ಲವೂ ಬೆನ್ನು, ಹೊಟ್ಟೆ, ಕಾಲಿನ ಸ್ನಾಯುಗಳನ್ನು ಗಟ್ಟಿ ಮಾಡುತ್ತವೆ. ಬೆಳೆಯುವ ವಯಸ್ಸಿನಲ್ಲಿ ಆಡಿದರೆ ಮೂಳೆಯೂ ಗಟ್ಟಿಯಾಗುತ್ತದೆ.

ಊಟದ ವಿಷಯ

ಮೂಳೆಗೆ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಬಹಳ ಕಡಿಮೆ. ಅದಕ್ಕೇ ಮುದ್ದೆ ನುಂಗಲು ನಾಚಿಕೆ ಬೇಡ. ಹಾಲು, ಮೊಸರು, ನುಗ್ಗೆಸೊಪ್ಪು, ಎಳ್ಳು ಇವೂ ಒಳ್ಳೆಯವು. ತಿಂದ ಕ್ಯಾಲ್ಸಿಯಂ ಮೈಗೆ ಹಿಡಿಯಲು ವಿಟಮಿನ್ ಡಿ ಬೇಕು. ಅದನ್ನು ಬಿಸಿಲು ಬಿದ್ದಾಗ ನಮ್ಮ ಚರ್ಮವೇ ಮಾಡಿಕೊಳ್ಳುತ್ತದೆ.

ನೀರಿನ ಮೇಲೂ ನಿಗಾ ಇರಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ. ಇನ್ನೂ ಬಹಳ ಹೆಚ್ಚಿದ್ದರೆ ಬೆನ್ನು, ಕೀಲು ಬಿಗಿಯಾಗಿ ಬಗ್ಗಲಾಗದಂತೆ ಆಗುತ್ತದೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರು ಅಥವಾ ಸರಿಯಾಗಿ ಹಿಡಿದಿಟ್ಟ ಮಳೆನೀರು ಕುಡಿಯಬೇಕು.

ನೋವು ಬಂದಾಗ

"ಹದಿನೈದು ದಿನ ಮಲಗಿಬಿಡು, ಅಲ್ಲಾಡಬೇಡ" ಅಂತ ಹಿಂದೆ ವೈದ್ಯರೂ ಹೇಳುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ನೋವು ಜೋರಾಗಿದ್ದರೆ ಒಂದೆರಡು ದಿನ ಸುಧಾರಿಸಿಕೊಂಡು, ಆಮೇಲೆ ಆದಷ್ಟು ಓಡಾಡಬೇಕು. ಬಹಳ ದಿನ ಮಲಗಿದರೆ ಸ್ನಾಯು ಸೊರಗಿ ನೋವು ಇನ್ನೂ ಉಳಿದುಕೊಳ್ಳುತ್ತದೆ. ಬಿಸಿ ನೀರಿನ ಶಾಖ ಕೊಡಬಹುದು. ಹೆಚ್ಚಿನ ಸೊಂಟ ನೋವುಗಳು ಕೆಲವು ವಾರದಲ್ಲಿ ತಾನಾಗಿಯೇ ಕಡಿಮೆ ಆಗುತ್ತವೆ.

"ಡಿಸ್ಕ್ ಜಾರಿದೆ" ಎಂದು ಕೇಳಿದರೆ ಎಲ್ಲರಿಗೂ ಹೆದರಿಕೆ. ನಿಜವಾಗಿ ಡಿಸ್ಕ್ ಎಲ್ಲಿಗೂ ಜಾರಿ ಹೋಗುವುದಿಲ್ಲ. ಅದರ ಬಳೆ ಉಬ್ಬಿ ಅಥವಾ ಸೀಳಿ ಒಳಗಿನ ಲೋಳೆ ಹೊರಬಂದು ನರಕ್ಕೆ ಒತ್ತುತ್ತದೆ. ಆಗ ನೋವು ಕಾಲಿನವರೆಗೂ ಇಳಿಯುತ್ತದೆ. ಅದೂ ಬಹಳ ಜನರಿಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ.

ಕೆಲವರು ಉಳುಕಿದ ಸೊಂಟವನ್ನು ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸುತ್ತಾರೆ. ಹೇಗೆ ಹುಟ್ಟಿದರೆ ಏನು, ಕಾಲು ಕಾಲೇ! ಮೂಳೆ ಸವೆದವರಿಗೆ ತುಳಿಸಿದರೆ ಮುರಿದೇ ಹೋಗಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುವುದೂ ಅಪಾಯ. ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಈ ಲಕ್ಷಣಗಳಿದ್ದರೆ ಮಾತ್ರ ಕಾಯಬಾರದು. ಬೇಗ ಆಸ್ಪತ್ರೆಗೆ ಹೋಗಬೇಕು:

* ಕಾಲು ಮರಗಟ್ಟುವುದು, ಶಕ್ತಿ ಇಲ್ಲದಂತಾಗುವುದು
* ಒಂದಕ್ಕೆ, ಎರಡಕ್ಕೆ ಹಿಡಿತ ತಪ್ಪುವುದು ಅಥವಾ ಕಟ್ಟಿಕೊಳ್ಳುವುದು (ತಡಮಾಡದೆ ಅದೇ ದಿನ ಹೋಗಬೇಕು)
* ಮರದಿಂದ, ಗಾಡಿಯಿಂದ ಬಿದ್ದ ಮೇಲೆ ಬಂದ ನೋವು
* ಬೆನ್ನು ನೋವಿನ ಜೊತೆ ಸಂಜೆ ಜ್ವರ, ಮೈ ತೂಕ ಇಳಿಯುವುದು (ಕ್ಷಯ ರೋಗ ಬೆನ್ನೆಲುಬಿಗೂ ಬರುತ್ತದೆ)
* ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಚಿಕ್ಕ ಮಕ್ಕಳಿಗೆ ವಾರಗಟ್ಟಲೆ ಇರುವ ನೋವು

ಎಲ್ಲಿ ತೋರಿಸಬೇಕೆಂದು ಗೊತ್ತಾಗದಿದ್ದರೆ ಊರಿನ ಆಶಾ ಅಕ್ಕನನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ಅವರು ಹೇಳುತ್ತಾರೆ.

ಕೊನೆಯ ಮಾತು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇದೆ. ಒಳ್ಳೆಯ ಅಭ್ಯಾಸಕ್ಕೂ ಈ ಮಾತು ಸಲ್ಲುತ್ತದೆ. ಬೆನ್ನು ಇರುವುದು ಕೆಲಸ ಮಾಡಲಿಕ್ಕೇ. ಕೆಲಸಕ್ಕೆ ಅದು ಹೆದರುವುದಿಲ್ಲ. ಕೆಲಸದ ರೀತಿ ಸರಿ ಇಲ್ಲದಿದ್ದರೆ, ವಿರಾಮ ಇಲ್ಲದಿದ್ದರೆ, ಮೋಟು ಹಿಡಿ ಕೊಟ್ಟರೆ ಮಾತ್ರ ಸೋಲುತ್ತದೆ. ಇವನ್ನೆಲ್ಲಾ ಬದಲಾಯಿಸಬಹುದು. ಬದಲಾಯಿಸಬಹುದಾದದ್ದನ್ನು ಹಣೆಬರಹ ಅನ್ನಬಾರದು.

ಈ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇವೆ. ನಿಮ್ಮ ಮನೆಯಲ್ಲಿ ಬಗ್ಗಿ ಮಾಡುವ ಕೆಲಸ ಯಾವುದು, ಅದನ್ನು ನೆಟ್ಟಗೆ ನಿಂತು ಮಾಡಲು ಏನು ಉಪಾಯ ಮಾಡಬಹುದು ಎಂದು ಎರಡೇ ಸಾಲು ಬರೆಯಿರಿ. ಒಳ್ಳೆಯ ಉಪಾಯಗಳನ್ನು ಮುಂದಿನ ಸಂಚಿಕೆಯಲ್ಲಿ ಚಿತ್ರ ಸಮೇತ ಹಾಕುತ್ತೇವೆ. ಬರೆದು ಸುಮ್ಮನಾಗಬೇಡಿ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಮೊದಲು ಪೊರಕೆಗೆ ಒಂದು ಉದ್ದ ಕೋಲು ಕಟ್ಟಿಕೊಡಿ. ಆಮೇಲೆ ನೀವೇ ಒಂದು ಸಲ ಗುಡಿಸಿ ನೋಡಿ.


ಏಳನೇ ತರಗತಿಯ ವಿದ್ಯಾರ್ಥಿ