ಪುಷ್ಯದಲ್ಲಿ ಹುಟ್ಟಿ, ಅಶ್ವಿನಿಗೆ ಚಾಂಪಿಯನ್!

ಪುಷ್ಯ ಮಳೆ ಹಿಡಿದರೆ ಕಳಸ, ಮೂಡಿಗೆರೆ ಕಡೆ ಕರೆಂಟೇ ಇರುವುದಿಲ್ಲ, ಫುಟ್ಬಾಲ್ ಯಾರಿಗೆ ನೆನಪಾದೀತು! 2013ರಲ್ಲಿ ಸರಿಯಾಗಿ ಆ ಹೊತ್ತಿಗೇ, ಜುಲೈ 20ರಂದು, ಬೆಂಗಳೂರಿನಲ್ಲಿ ಒಂದು ಕ್ಲಬ್ ಹುಟ್ಟಿತು. ಬೆಂಗಳೂರು ಎಫ್‌ಸಿ. ಮುಂದಿನ ಅಶ್ವಿನಿ ಮಳೆಯೊಳಗೆ ಅದು ಇಡೀ ದೇಶದ ಚಾಂಪಿಯನ್! ಆ ಸೀಸನ್ನಿನ ದಿನಾಂಕಗಳನ್ನು ಮಳೆ ನಕ್ಷತ್ರಗಳ ಪಕ್ಕ ಇಟ್ಟು ನೋಡಿ, ಮೈ ಜುಮ್ಮೆನ್ನದಿದ್ದರೆ ಕೇಳಿ.

ಕಾಫಿ ಗಿಡ ನೆಟ್ಟವರಿಗೆ ಗೊತ್ತು, ಮೊದಲ ಫಸಲು ಕೈಗೆ ಬರಲು ಮೂರ್ನಾಲ್ಕು ವರ್ಷ ಕಾಯಬೇಕು. ಇವರು ಒಂಬತ್ತೇ ತಿಂಗಳಲ್ಲಿ ಕೊಯ್ದರು!

ಎದುರಿಗಿದ್ದವರಾದರೂ ಯಾರು? ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ 13 ತಂಡ. ಗೋವಾದವು ನಾಲ್ಕು, ಕೋಲ್ಕತ್ತದವು ನಾಲ್ಕು, ಶಿಲ್ಲಾಂಗಿನವು ಎರಡು, ಮುಂಬೈ, ಪುಣೆ; ಕರ್ನಾಟಕಕ್ಕೆ ಇದೊಂದೇ. ಉತ್ತರೆ ಮಳೆಯ ಕಾಲಕ್ಕೆ, ಸೆಪ್ಟೆಂಬರ್ 22ರಂದು, ಅಶೋಕನಗರದ ಪುಟ್ಟ ಫುಟ್ಬಾಲ್ ಸ್ಟೇಡಿಯಮ್ಮಿನಲ್ಲಿ ಮೊದಲ ಪಂದ್ಯ. ಎದುರಾಳಿ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್! ಎರಡು ತಿಂಗಳ ಕೂಸು ಶತಮಾನ ದಾಟಿದ ಅಜ್ಜನ ಜೊತೆ 1-1 ಸಮ ಮಾಡಿಕೊಂಡಿತು. ಕ್ಲಬ್ಬಿನ ಮೊದಲ ಗೋಲು ಆಸ್ಟ್ರೇಲಿಯಾದ ಶಾನ್ ರೂನಿಯದು.

ಕೋಚ್ ಆಶ್ಲೆ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಇಂಗ್ಲೆಂಡಿನವ. ಹಿಂಭಾಗದಲ್ಲಿ ಗೋಡೆಯಂತೆ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ನಾಯಕ ಸುನಿಲ್ ಛೇಟ್ರಿ. ಇದನ್ನು ಕೇಳಿ: ಹಿಂದಿನ ಸೀಸನ್ನಿನಲ್ಲಿ ಚಾಂಪಿಯನ್ ಆದದ್ದು ಗೋವಾದ ಚರ್ಚಿಲ್ ಬ್ರದರ್ಸ್, ಆ ತಂಡದಲ್ಲೂ ಇದೇ ಛೇಟ್ರಿ! ಇಲ್ಲಿಗೆ ಬಂದು 14 ಗೋಲು ಹೊಡೆದ, ಲೀಗಿನಲ್ಲೇ ಅತಿ ಹೆಚ್ಚು ಗೋಲಿನ ಪಟ್ಟಿಯ ತುದಿಯಲ್ಲಿ ಇನ್ನಿಬ್ಬರ ಜೊತೆ ಕೂತ.

ಅತ್ತ ಲೀಗ್ ನಡೆಯುತ್ತಿತ್ತು, ಇತ್ತ ಬೆಟ್ಟದಲ್ಲಿ ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಶುರುವಾಗುವ ಕಾಲ ಬಂತು, ಕಣದಲ್ಲಿ ಹಣ್ಣು ಒಣಗುವ ಕಾಲ ಬಂತು. ಫಲಿತಾಂಶ ಬೇಕಾದರೆ ಪತ್ರಿಕೆಯ ಕ್ರೀಡಾಪುಟದಲ್ಲಿ ಕ್ರಿಕೆಟ್ಟಿನ ಅಡಿಯಲ್ಲಿ ಹುಡುಕಬೇಕು. (ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ, ಬಿಡಿ.) ಕಾಫಿ ಹೂವಿಗೆ ಮಳೆ ಬಂತೇ ಎಂದು ಎಸ್ಟೇಟಿನಿಂದ ಎಸ್ಟೇಟಿಗೆ ಫೋನು ಹಾರುವ ದಿನಗಳೂ ಕಳೆದು, 2014ರ ಏಪ್ರಿಲ್ 21. ಗೋವಾದ ಫತೋರ್ಡಾ. ಐ-ಲೀಗನ್ನು ಹಲವು ಸಲ ಗೆದ್ದ ಡೆಂಪೊ, ಅದೂ ಅವರದೇ ನಾಡಿನಲ್ಲಿ. 4-2! ಪಟ್ಟ ಬೆಂಗಳೂರಿಗೆ!

24 ಪಂದ್ಯ, 14 ಗೆಲುವು, 47 ಅಂಕ. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43.

ಬೆಂಗಳೂರಿಗೆ ಫುಟ್ಬಾಲ್ ಹೊಸತಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ಊರಿನವರು. ಅದಕ್ಕೂ ಹತ್ತು ವರ್ಷ ಮೊದಲೇ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ಪನ್ನು ಎರಡು ವರ್ಷ ಸತತವಾಗಿ ಎತ್ತಿತ್ತು. ರಾಷ್ಟ್ರೀಯ ಲೀಗಿನ ಪಟ್ಟ ಮಾತ್ರ ಈ ಹಸುಗೂಸಿನ ಕೈಯಲ್ಲೇ ಮೊದಲು ಬಂದದ್ದು!

ಅಜ್ಜ ಸುಮ್ಮನಿರಲಿಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಸೀಸನ್ನಿನ ಕೊನೆಯ ಪಂದ್ಯ, ಮತ್ತದೇ ಮೋಹನ್ ಬಾಗಾನ್. ಗೆದ್ದರೆ ಸತತ ಎರಡನೆಯ ಪಟ್ಟ. ಮೊದಲು ಗೋಲು ಹೊಡೆದದ್ದು ಬೆಂಗಳೂರೇ, ಆದರೆ ಮುಗಿಯಲು ಕೆಲವೇ ನಿಮಿಷವಿರುವಾಗ ಬಾಗಾನಿನ ಬೆಲ್ಲೊ ರಜಾಕ್ ಚೆಂಡಿಗೆ ತಲೆ ಕೊಟ್ಟ. 1-1, ಮೊದಲ ಪಂದ್ಯದ್ದೇ ಸ್ಕೋರು! ಕಪ್ಪು ಕೋಲ್ಕತ್ತಕ್ಕೆ ಹೋಯಿತು. 2016ರಲ್ಲಿ ಬೆಂಗಳೂರು ಅದನ್ನು ಮರಳಿ ತಂದಿತು.