ಖಾನಾವಳಿ

ಖಾನಾವಳಿಯು ಉತ್ತರ ಕರ್ನಾಟಕದ ಪ್ರಾದೇಶಿಕ ಊಟವನ್ನು ಬಡಿಸುವ ಸರಳ ಭೋಜನಾಲಯವಾಗಿದೆ. ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿಯಂತಹ ಪಟ್ಟಣಗಳಲ್ಲಿ ವಿದ್ಯಾರ್ಥಿಗಳು, ನೌಕರರು ಮತ್ತು ಮಾರುಕಟ್ಟೆಗೆ ಬರುವ ರೈತರಿಗೆ ಇದು ಮನೆಯೂಟದ ಕೊರತೆಯನ್ನು ನೀಗಿಸುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಮತ್ತು ಅನ್ನ-ಸಾರು ಇಲ್ಲಿನ ಮುಖ್ಯ ಪದಾರ್ಥಗಳು.

ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಅದಕ್ಕೆ ಗೋಧಿ ಹಿಟ್ಟಿನಂತಹ ಜಿಗುಟು ಇರುವುದಿಲ್ಲ. ಆದ್ದರಿಂದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಹರಿಯದಂತೆ ಕೈಯಿಂದ ತಟ್ಟಲಾಗುತ್ತದೆ. ಈ ಕೆಲಸವನ್ನು ಹೆಚ್ಚಾಗಿ ಮಹಿಳೆಯರೇ ನಿರ್ವಹಿಸುತ್ತಾರೆ; ಖಾನಾವಳಿಯ ಹೆಸರು ನಿಲ್ಲುವುದು ಅವರ ಕೈಚಳಕದ ಮೇಲೆಯೇ.

ಈ ಭಾಗದ ಅಡುಗೆಗೆ ಕೆಂಪು ಬಣ್ಣ ನೀಡುವ, ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ.