ಉಸಿರಾಡದ ಹುಡುಗಿಯ ಹಾಡು ಯಾರದ್ದು?

2024ರ ಏಪ್ರಿಲ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೋಚೆಲ್ಲಾ ಸಂಗೀತೋತ್ಸವ. ಜಪಾನಿನ ಗಾಯಕಿಯೊಬ್ಬಳಿಗಾಗಿ ಕಾದಿದ್ದ ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಸಿಟ್ಟು ಬಂತು. ಆಕೆ ತಡವಾಗಿ ಬಂದಳು ಅಂತಲ್ಲ, ಶ್ರುತಿ ತಪ್ಪಿದಳು ಅಂತಲೂ ಅಲ್ಲ. ಪಾರದರ್ಶಕ ಪರದೆಯ ಮೇಲೆ ನಿಜವಾಗಿ ನಿಂತ ಹಾಗೆ ಕಾಣಿಸಿಕೊಳ್ಳುವ ಬದಲು ದೊಡ್ಡದೊಂದು ಎಲ್‌ಇಡಿ ಸ್ಕ್ರೀನಿನಲ್ಲಿ ಬಂದಳು ಅಂತ! ಇದನ್ನೇ ನೋಡೋದಾದ್ರೆ ಮನೆಯಲ್ಲಿ ಟಿವಿ ಇಲ್ವಾ ಅನ್ನುವ ಧಾಟಿಯ ತಕರಾರು.

ಹುಡುಗಿಯ ಹೆಸರು ಹತ್ಸುನೆ ಮಿಕು. ಎತ್ತರ 158 ಸೆಂಟಿಮೀಟರ್, ತೂಕ 42 ಕೆಜಿ, ನೀಲಿ-ಹಸಿರು ಬಣ್ಣದ ಎರಡು ಉದ್ದ ಜುಟ್ಟು. ವಯಸ್ಸು 16. 2007ರಲ್ಲೂ 16, ಈಗಲೂ 16. ಯಾಕಂದ್ರೆ ಹಾಗೊಬ್ಬಳು ಹುಡುಗಿ ಇಲ್ಲವೇ ಇಲ್ಲ. ಆಕೆ ಒಂದು ಸಾಫ್ಟ್‌ವೇರ್.

ಇದೆಂಥ ಹುಚ್ಚು ಅಂತ ನಗಬೇಡಿ. ಸ್ವಲ್ಪ ಒಳಗೆ ಹೋಗಿ ನೋಡೋಣ.

ನಮಗೆ ಯಮಹಾ ಅಂದ ತಕ್ಷಣ ಆರ್‌ಎಕ್ಸ್ 100 ಬೈಕಿನ ಸದ್ದು ನೆನಪಾಗುತ್ತೆ. ಆದರೆ ಯಮಹಾ ಮೂಲತಃ ವಾದ್ಯ ತಯಾರಿಸುವ ಕಂಪನಿ. ಅದರ ಲಾಂಛನದಲ್ಲಿ ಇರೋದೇ ಮೂರು ಟ್ಯೂನಿಂಗ್ ಫೋರ್ಕ್‌ಗಳು. ಈ ಯಮಹಾ, ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ವೋಕಲಾಯ್ಡ್ ಅನ್ನುವ ತಂತ್ರಜ್ಞಾನ ರೂಪಿಸಿತು. 2004ರಲ್ಲಿ ಮಾರುಕಟ್ಟೆಗೆ ಬಂತು. ಕೆಲಸ ಮಾಡುವ ರೀತಿ ಕೇಳಿ. ಸ್ಟುಡಿಯೋದಲ್ಲಿ ಒಬ್ಬರನ್ನು ಕೂರಿಸಿ, ಅಕ್ಷರ ಅಕ್ಷರವಾಗಿ ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ. ಒಂದು ಧ್ವನಿಯಿಂದ ಇನ್ನೊಂದಕ್ಕೆ ಗಂಟಲು ಜಾರುವ ಆ ಕ್ಷಣವನ್ನೂ ಹಿಡಿದಿಡುತ್ತಾರೆ. ನಾವು ಸಣ್ಣವರಿದ್ದಾಗ ಕ ಕಾ ಕಿ ಕೀ ಅಂತ ಕಾಗುಣಿತ ಒಪ್ಪಿಸುತ್ತಿದ್ದೆವಲ್ಲ, ಹೆಚ್ಚುಕಮ್ಮಿ ಹಾಗೆ. ಆಮೇಲೆ ಆ ಚೂರುಗಳನ್ನು ಪೋಣಿಸುವ ಕೆಲಸ ಸಾಫ್ಟ್‌ವೇರಿನದು. ಕೊಂಡವರು ಕಂಪ್ಯೂಟರ್ ಪರದೆಯ ಮೇಲೆ ಯಾವ ಸ್ವರ, ಎಷ್ಟು ಹೊತ್ತು ಅಂತ ಗೆರೆ ಹಾಕಬೇಕು, ಅದರೊಳಗೆ ಯಾವ ಅಕ್ಷರ ಅಂತ ಬರೆಯಬೇಕು. ಹಾಡು ರೆಡಿ.

ರೆಡಿ ಅಂದೆ, ಆದರೆ ಆ ಹಾಡು ಕೇಳೋಕಾಗಲ್ಲ. ರೈಲ್ವೆ ನಿಲ್ದಾಣದ ಪ್ರಕಟಣೆ ಥರ ಇರುತ್ತೆ. ಎಲ್ಲಿ ಕಂಪನ, ಎಲ್ಲಿ ಪಿಸುಮಾತು, ಯಾವ ಅಕ್ಷರಕ್ಕೆ ಒತ್ತು ಅಂತ ಒಂದೊಂದನ್ನೂ ಕೈಯಾರೆ ತಿದ್ದಬೇಕು. ಅಸಲಿ ಕಲೆ ಇರೋದು ಈ ತಿದ್ದುವಿಕೆಯಲ್ಲಿ. ಒಂದೇ ಮಿಕು ಒಬ್ಬರ ಕೈಯಲ್ಲಿ ಅಳುತ್ತಾಳೆ, ಇನ್ನೊಬ್ಬರ ಕೈಯಲ್ಲಿ ಆಟದ ಗೊಂಬೆಯಂತೆ ಕಿರುಚುತ್ತಾಳೆ. ಒಂದು ಸಾಲು ಟೈಪ್ ಮಾಡಿದರೆ ಪೂರ್ತಿ ಹಾಡು ಉದುರಿಸುವ ಇವತ್ತಿನ ಎಐಗೂ ಇದಕ್ಕೂ ಅಜಗಜಾಂತರ. ಎರಡನ್ನೂ ಒಂದೇ ಚೀಲಕ್ಕೆ ಹಾಕುವವರ ಮೇಲೆ ನನಗೆ ಸಿಟ್ಟಿದೆ.

ಹಾಗಾದರೆ ಸ್ವಾತಂತ್ರ್ಯ ಎಲ್ಲಿಂದ ಬಂತು? ಹಾಡು ಬರೆಯುವ ಹುಡುಗನೊಬ್ಬ ಊರಲ್ಲಿದ್ದಾನೆ ಅಂದುಕೊಳ್ಳಿ. ಅವನಿಗೆ ಗಾಯಕಿ ಬೇಕು, ಸ್ಟುಡಿಯೋ ಬೇಕು, ದುಡ್ಡು ಹಾಕುವ ಧಣಿ ಬೇಕು. ಧಣಿ ಬಂದ ಮೇಲೆ, ಈ ಸಾಲು ಬೇಡ, ಇದು ಓಡಲ್ಲ ಅನ್ನುತ್ತಾನೆ. ಸಾವು, ಒಂಟಿತನ, ಶಾಲೆಯಲ್ಲಿ ಅನುಭವಿಸಿದ ಕಿರುಕುಳ ಇವೆಲ್ಲ ಹಾಡಾಗುವುದೇ ಇಲ್ಲ. ಮಿಕು ಬೇಡ ಅನ್ನಲ್ಲ. ಆಕೆಗೆ ಉಸಿರು ಕಟ್ಟಲ್ಲ, ಹಾಗಾಗಿ ಮನುಷ್ಯರ ನಾಲಿಗೆ ಹೊರಳದ ವೇಗದಲ್ಲಿ ಬರೆದವರಿದ್ದಾರೆ. ಮಲಗುವ ಕೋಣೆಯಲ್ಲೇ ಕೂತು ಹಾಡು ಕಟ್ಟಿ, ನಿಕೊನಿಕೊ ಎಂಬ ಜಪಾನಿ ವಿಡಿಯೋ ತಾಣಕ್ಕೆ ಹಾಕಿದವರು ಸಾವಿರಾರು ಮಂದಿ. ಹುಡುಗರದಷ್ಟೇ ಆಟ ಅಂದುಕೊಳ್ಳಬೇಡಿ. 2012ರಲ್ಲಿ ಎಂಬತ್ತರ ಹರೆಯದ ಸಂಯೋಜಕ ಇಸಾವೊ ತೊಮಿತಾ ತಮ್ಮ ಸಿಂಫನಿಯಲ್ಲಿ ಪೂರ್ಣ ವಾದ್ಯವೃಂದದ ಮುಂದೆ ಮಿಕುವನ್ನು ಗಾಯಕಿಯಾಗಿ ನಿಲ್ಲಿಸಿದರು. ಯಂತ್ರ ಹೇಳಿದ ತಾಳಕ್ಕೆ ಜನ ನುಡಿಸಲಿಲ್ಲ, ನಿರ್ದೇಶಕರ ಕೈಯನ್ನು ಯಂತ್ರ ಅನುಸರಿಸಬೇಕು ಅನ್ನುವುದು ಅವರ ಹಟವಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮಿಕುವನ್ನು ಮಾರಿದ್ದು ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ. 2007ರ ಆಗಸ್ಟ್ 31ಕ್ಕೆ ಬಿಡುಗಡೆ. ಕೆಲವೇ ದಿನಕ್ಕೆ ಯಾರೋ ಅಭಿಮಾನಿ, ಫಿನ್ಲೆಂಡಿನ ಹಾಡೊಂದನ್ನು ಆಕೆಯಿಂದ ಹಾಡಿಸಿ, ಕೈಗೆ ಈರುಳ್ಳಿ ಸೊಪ್ಪಿನ ದಂಟು ಕೊಟ್ಟು ಕುಣಿಸಿಬಿಟ್ಟ. ಬೇರೆ ಕಂಪನಿ ಆಗಿದ್ದರೆ ವಕೀಲರ ನೋಟಿಸ್ ಹೋಗುತ್ತಿತ್ತು. ಇವರು ಆ ದಂಟನ್ನೇ ಮಿಕುವಿನ ಗುರುತಾಗಿ ಒಪ್ಪಿಕೊಂಡರು! ಅದೇ ವರ್ಷದ ಡಿಸೆಂಬರಿನಲ್ಲಿ ಅಭಿಮಾನಿಗಳು ತಮ್ಮ ಹಾಡು, ಚಿತ್ರ ಹಂಚಿಕೊಳ್ಳಲು ಪಿಯಾಪ್ರೋ ಎಂಬ ತಾಣ ತೆರೆದರು. 2012ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಕೊಟ್ಟರು. ಮಿಕುವಿನ ಚಿತ್ರ ಬರೆಯಿರಿ, ಬದಲಿಸಿ, ಹೆಸರು ಹೇಳಿ, ಆದರೆ ವ್ಯಾಪಾರ ಮಾಡೋದಾದರೆ ನಮ್ಮನ್ನು ಕೇಳಿ. ಹಾಡು ಮಾತ್ರ ಬರೆದವರ ಸ್ವತ್ತು. ಗಮನಿಸಿ, ಬೇಲಿ ಇದೆ. ಆದರೆ ಬೇಲಿ ಎಲ್ಲಿದೆ ಅಂತ ಮೊದಲೇ ಹೇಳಿದ್ದಾರೆ.

ಧ್ವನಿಯ ಕತೆಯೂ ಹಾಗೇ. ಆ ದಿನಗಳಲ್ಲಿ ಜಪಾನಿನ ವೃತ್ತಿಪರ ಗಾಯಕರು ಧ್ವನಿ ಕೊಡಲು ಹಿಂಜರಿದರು. ತಮ್ಮ ಗಂಟಲಿನ ನಕಲು ಹುಟ್ಟಿ, ತಮ್ಮ ಅನ್ನಕ್ಕೇ ಕಲ್ಲು ಬಿದ್ದರೆ? ನ್ಯಾಯವಾದ ಭಯ. ಕ್ರಿಪ್ಟನ್ ಅವರ ಧ್ವನಿಯನ್ನು ಕದಿಯಲಿಲ್ಲ, ಡಬ್ಬಿಂಗ್ ಕಲಾವಿದೆ ಸಾಕಿ ಫುಜಿತಾ ಅವರನ್ನು ಕೇಳಿತು. ಅವರು ಒಪ್ಪಿದರು. ಮಿಕುವಿನ ಬಾಯಲ್ಲಿ ಕೇಳುವುದು ಒಪ್ಪಿ ಕೊಟ್ಟ ಧ್ವನಿ.

ಈಗ ನಮ್ಮ ಕಡೆ ತಿರುಗಿ ನೋಡಿ. ಎಸ್‌ಪಿಬಿ ಧ್ವನಿ ಕನ್ನಡಿಗರ ಮನೆಯ ಆಸ್ತಿ ಇದ್ದ ಹಾಗೆ. ಅನುಮತಿ ಕೇಳದೆ ತಂದೆಯ ಧ್ವನಿಯನ್ನು ಎಐನಿಂದ ಮರುಸೃಷ್ಟಿಸಿದ್ದಾರೆ ಅಂತ ಮಗ ಎಸ್.ಪಿ. ಚರಣ್ 2024ರಲ್ಲಿ ತೆಲುಗು ಚಿತ್ರತಂಡವೊಂದಕ್ಕೆ ಲೀಗಲ್ ನೋಟಿಸ್ ಕಳಿಸಬೇಕಾಯಿತು. ಅದೇ ವರ್ಷ ಎ.ಆರ್. ರೆಹಮಾನ್ 'ಲಾಲ್ ಸಲಾಂ' ಚಿತ್ರಕ್ಕೆ ತೀರಿಕೊಂಡ ಇಬ್ಬರು ಗಾಯಕರ ಧ್ವನಿ ಬಳಸಿದರು. ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದೇವೆ ಅಂದರು. ಅರಿಜಿತ್ ಸಿಂಗ್ ಬಾಂಬೆ ಹೈಕೋರ್ಟ್‌ಗೆ ಹೋಗಿ, ತಮ್ಮ ಧ್ವನಿಯ ನಕಲಿಗೆ ತಡೆ ತಂದರು.

ಕೇಳದೆ ತೆಗೆದುಕೊಂಡು ಅದನ್ನು ಸೃಜನಶೀಲತೆ ಅಂತ ಕರೆಯುವವರಿಗೆ ನನ್ನದೊಂದು ನೇರ ಪ್ರಶ್ನೆ. ನಿಮ್ಮ ಸ್ವಾತಂತ್ರ್ಯಕ್ಕೆ ಇನ್ನೊಬ್ಬರ ಗಂಟಲೇ ಯಾಕೆ ಬೇಕು? ಆ ಹೆಸರಿನ ಬೆಲೆ ಬೇಕು, ಅಷ್ಟೇ ಅಲ್ವಾ? ಮಿಕುವಿಗೆ ಬರೆದವರು ಯಾರದೋ ಹೆಸರಿನ ಮೇಲೆ ಸವಾರಿ ಮಾಡಲಿಲ್ಲ. ಧ್ವನಿಯಿಂದಲೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ವ್ಯತ್ಯಾಸ ಸಣ್ಣದಲ್ಲ. 2023ರಲ್ಲೇ ಕನ್ನಡದಲ್ಲೂ ಎಐ ನಿರೂಪಕಿ ಸುದ್ದಿ ಓದಿಯಾಗಿದೆ.

ಕೊನೆಗೆ ಒಬ್ಬನ ಬಗ್ಗೆ ಹೇಳಲೇಬೇಕು. ಹಾಚಿ ಅನ್ನುವ ಅಡ್ಡಹೆಸರಿನಲ್ಲಿ ಮಿಕುವಿಗೆ ಹಾಡು ಬರೆಯುತ್ತಿದ್ದ ಹುಡುಗ ಮುಂದೆ ತನ್ನ ಗಂಟಲಲ್ಲೇ ಹಾಡಲು ಶುರುಮಾಡಿದ. ಇವತ್ತು ಕೆನ್ಶಿ ಯೊನೆಜು ಅಂದರೆ ಜಪಾನಿನ ಅತಿ ದೊಡ್ಡ ತಾರೆಗಳಲ್ಲಿ ಒಬ್ಬ. 2017ರಲ್ಲಿ, ಮಿಕುವಿಗೆ ಹತ್ತು ವರ್ಷ ತುಂಬಿದಾಗ, ಕ್ರಿಪ್ಟನ್‌ನ ಹಬ್ಬಕ್ಕೆ ಹಾಡು ಬೇಕಿತ್ತು. ಆತ ಹಳೆಯ ಹೆಸರಿನಲ್ಲೇ ಮರಳಿ ಬಂದು ಬರೆದುಕೊಟ್ಟ. ಹುಟ್ಟುಹಬ್ಬದ ಹಾಡು ಅಂದ ಮೇಲೆ ಹೊಗಳಿಕೆ ಇರುತ್ತೆ ಅಲ್ವಾ? ಇರಲಿಲ್ಲ. ಮರಳುಗಾಡಾದ ಗ್ರಹವೊಂದರ ಹಾಡು ಅದು. ವೋಕಲಾಯ್ಡ್ ಲೋಕವೇ ಒಣಗಿಹೋಗಿದೆ ಅಂತ ಚುಚ್ಚುತ್ತಿದ್ದಾನೆ ಅಂತ ಕೇಳಿದವರು ಜಗಳಕ್ಕೆ ಬಿದ್ದರು. ಕಂಪನಿ ಅದನ್ನೇ ಹಬ್ಬದ ಮುಖ್ಯಗೀತೆ ಮಾಡಿತು. ಹಾಡಿದ್ದು ಮಿಕುವೇ.